ಈ ವರ್ಷ ಎಷ್ಟು ಕತೆ? ಬರೆಯುವವಳ ವಾರ್ಷಿಕ ಲೆಕ್ಕ

(ಮಹಿಳಾ ವೇದಿಕೆಯ ಜನವರಿ ತಿಂಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಇವತ್ತು ನನಗೆ ಕೊಟ್ಟಿರುವ ವಿಷಯ ‘ಕತೆ ಬರೆಯುವವರ ವರ್ಷದ ಗುರಿ’. ನಾನು ಸಾಹಿತ್ಯದ ವಿದ್ಯಾರ್ಥಿನಿಯಲ್ಲ. ಎಂ.ಟೆಕ್. ಮುಗಿಸಿ ಹನ್ನೆರಡು ವರ್ಷದಿಂದ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ಡೊಂಬಿವಲಿಯಿಂದ ಐರೋಲಿಗೆ ಓಡಾಟ, ಠಾಣೆಯಲ್ಲಿ ಗಾಡಿ ಬದಲಾಯಿಸುವುದು, ಮನೆ, ಮಗಳು, ಇವುಗಳ ನಡುವೆ ಐದಾರು ವರ್ಷದಿಂದ ಕತೆ ಬರೆಯುತ್ತಿದ್ದೇನೆ. ಕೆಲವು ಪತ್ರಿಕೆಗಳಲ್ಲಿ ಬಂದಿವೆ, ಕೆಲವು ಇನ್ನೂ ಊರೂರು ಅಲೆಯುತ್ತಿವೆ. ಹಾಗಾಗಿ ಕತೆ ಹೇಗೆ ಬರೆಯಬೇಕು ಎಂದು ಹೇಳಿಕೊಡುವ ಧೈರ್ಯ ನನಗಿಲ್ಲ. ಒಂದು ವರ್ಷವನ್ನು ಹೇಗೆ ಹಂಚಿಕೊಳ್ಳಬಹುದು ಎಂಬ ಲೆಕ್ಕ ಮಾತ್ರ ಹೇಳುತ್ತೇನೆ. ಲೆಕ್ಕ ನನ್ನ ಕಸುಬು.

ಡಿಸೆಂಬರ್ ಬಂತೆಂದರೆ ಬರೆಯುವ ಗೆಳತಿಯರ ಬಾಯಲ್ಲಿ ಒಂದು ಮಾತು ಬರುತ್ತದೆ: “ಬರುವ ವರ್ಷವಾದರೂ ಒಂದು ಪುಸ್ತಕ ಬರಬೇಕು ಮಾರಾಯ್ತಿ.” ಈ ಒಂದು ಮಾತಿನಲ್ಲಿ ಎರಡು ಕೆಲಸಗಳಿವೆ. ಒಂದು ಬರೆಯುವುದು, ಇನ್ನೊಂದು ಪ್ರಕಟವಾಗುವುದು. ಬರೆಯುವುದು ನಮ್ಮ ಕೈಯಲ್ಲಿದೆ. ಪ್ರಕಟವಾಗುವುದು ಸಂಪಾದಕರ, ತೀರ್ಪುಗಾರರ, ಪ್ರಕಾಶಕರ ಕೈಯಲ್ಲಿದೆ. ಎರಡನ್ನೂ ಒಂದೇ ಗುರಿಯಾಗಿ ಬರೆದಿಟ್ಟರೆ, ಯಾರೋ ಉತ್ತರ ಕೊಡಲಿಲ್ಲವೆಂಬ ಕಾರಣಕ್ಕೆ ನಾವು ಬರೆಯುವುದನ್ನೇ ನಿಲ್ಲಿಸುತ್ತೇವೆ. ಆದ್ದರಿಂದ ಎರಡು ಹಾಳೆ ಇಟ್ಟುಕೊಳ್ಳಿ ಎನ್ನುವುದೇ ನನ್ನ ಇವತ್ತಿನ ಮಾತಿನ ಸಾರ. ಉಳಿದದ್ದೆಲ್ಲ ಇದರ ವಿವರ.

ಕತೆಗೆ ಗುರಿ ಯಾಕೆ?

“ಕತೆ ತಾನಾಗಿ ಬರಬೇಕು, ಗುರಿ ಇಟ್ಟರೆ ಬರುತ್ತದೆಯೇ?” ಎಂದು ಕೇಳುವವರಿದ್ದಾರೆ. ಇಂಗ್ಲೆಂಡಿನ ಆ್ಯಂಟನಿ ಟ್ರೊಲೋಪ್ ಅಂಚೆ ಇಲಾಖೆಯ ನೌಕರ. ಬೆಳಗಿನ ಐದೂವರೆಗೆ ಮೇಜಿನ ಮುಂದೆ ಕೂತು, ಗಡಿಯಾರ ಎದುರಿಗಿಟ್ಟುಕೊಂಡು, ಕಾಲು ಗಂಟೆಗೆ 250 ಪದದಂತೆ ಬರೆಯುತ್ತಿದ್ದ. ಹೀಗೆ 47 ಕಾದಂಬರಿ ಬರೆದ. ಅವನು ತೀರಿಕೊಂಡ ಮರುವರ್ಷ, 1883ರಲ್ಲಿ ಬಂದ ಆತ್ಮಕತೆಯಲ್ಲಿ ಈ ಲೆಕ್ಕವನ್ನೆಲ್ಲ ಹೇಳಿಕೊಂಡಿದ್ದಾನೆ. ಅದರಲ್ಲೇ ಇನ್ನೊಂದು ವಿವರವೂ ಇದೆ. ಬೆಳಗ್ಗೆ ಎಬ್ಬಿಸಿ ಕಾಫಿ ತಂದುಕೊಡಲು ಅವನಿಗೆ ಒಬ್ಬ ಆಳಿದ್ದ, ಅದಕ್ಕಾಗಿ ಅವನಿಗೆ ವರ್ಷಕ್ಕೆ ಐದು ಪೌಂಡ್ ಹೆಚ್ಚುವರಿ ಸಂಬಳ! ನಮ್ಮ ಮನೆಗಳಲ್ಲಿ ಕಾಫಿ ಮಾಡುವವರೂ ನಾವೇ, ಕತೆ ಬರೆಯುವವರೂ ನಾವೇ. ಟ್ರೊಲೋಪನ ಗಡಿಯಾರ ನಮಗೆ ಬೇಕು. ಆದರೆ ಅವನ ಮೂರು ಗಂಟೆ ನಮಗೆ ಸಿಗುವುದಿಲ್ಲ.

ನಮ್ಮವರನ್ನೇ ನೋಡೋಣ. 35 ತುಂಬುವ ಮೊದಲೇ, 1963ರಲ್ಲಿ ತೀರಿಕೊಂಡ ತ್ರಿವೇಣಿ ಸುಮಾರು 20 ಕಾದಂಬರಿಗಳನ್ನು ಬಿಟ್ಟುಹೋದರು. ಅದೇ 1963ರಲ್ಲಿ ಎಂ.ಕೆ. ಇಂದಿರಾ ಅವರ ‘ತುಂಗಭದ್ರ’ ಬಂತು, ಆಗ ಅವರಿಗೆ 46 ವರ್ಷ. ‘ಫಣಿಯಮ್ಮ’ ಬಂದದ್ದು 1976ರಲ್ಲಿ, ಅರವತ್ತರ ಹೊಸ್ತಿಲಲ್ಲಿ. ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ ನಾವೆಲ್ಲ ವಾಟ್ಸಾಪ್ ಗುಂಪಿನಲ್ಲಿ ಸಿಹಿ ಹಂಚಿದ್ದೇ ಹಂಚಿದ್ದು. ದೀಪಾ ಭಾಸ್ತಿ ಅನುವಾದಿಸಿದ ಆ ‘ಹಾರ್ಟ್ ಲ್ಯಾಂಪ್’ ಸಂಕಲನದಲ್ಲಿ ಇರುವುದು 12 ಕತೆಗಳು. 1990ರಿಂದ 2023ರವರೆಗಿನ ಬರವಣಿಗೆಯಿಂದ ಆಯ್ದವು. ಮೂವತ್ತಕ್ಕೂ ಹೆಚ್ಚು ವರ್ಷ ಬಿಡದೆ ಬರೆದವರ ಕತೆಗಳಲ್ಲಿ ಹನ್ನೆರಡು! ಪ್ರಶಸ್ತಿಯನ್ನು ಯಾರೂ ಆ ವರ್ಷದ ಗುರಿಯ ಪಟ್ಟಿಯಲ್ಲಿ ಬರೆದಿಡಲು ಆಗುವುದಿಲ್ಲ. ‘ಈ ವಾರ ಒಂದು ಪುಟ’ ಎಂದು ಮಾತ್ರ ಬರೆದಿಡಬಹುದು.

ನಮ್ಮ ಮುಂಬಯಿಯಲ್ಲೇ ಯಶವಂತ ಚಿತ್ತಾಲರು ಪ್ಲಾಸ್ಟಿಕ್ ಉದ್ಯಮದಲ್ಲಿ ಪೂರ್ತಿ ನೌಕರಿ ಮಾಡುತ್ತಲೇ ಬರೆದವರು. 1979ರ ‘ಶಿಕಾರಿ’ಯಲ್ಲಿ ಕಂಪನಿಯ ಒಳಜಗತ್ತು ಹೇಗೆ ಬಂದಿದೆ ಎಂದು ಓದಿದವರಿಗೆ ಗೊತ್ತು. ನೌಕರಿ ಇದೆ ಎನ್ನುವುದು ಬರೆಯದಿರಲು ಕಾರಣವಲ್ಲ. ಆದರೆ ನೌಕರಿ ಮತ್ತು ಅಡುಗೆಮನೆ ಎರಡೂ ಇರುವವಳಿಗೆ ಲೆಕ್ಕ ಬೇಕೇ ಬೇಕು.

ಮೊದಲ ಹಾಳೆ: ಬರೆಯುವುದು

ನಮ್ಮ ಆಫೀಸಿನಲ್ಲಿ ಯಾವ ಕೆಲಸ ಒಪ್ಪಿಕೊಳ್ಳುವ ಮೊದಲೂ ಒಂದು ಪ್ರಶ್ನೆ ಕೇಳುತ್ತೇವೆ: ಕೈಯಲ್ಲಿ ನಿಜವಾಗಿ ಎಷ್ಟು ದಿನ ಇದೆ? ರಜೆ, ಹಬ್ಬ, ಬೇರೆ ಕೆಲಸ ಎಲ್ಲ ಕಳೆದು ಉಳಿಯುವುದಷ್ಟನ್ನೇ ಲೆಕ್ಕಕ್ಕೆ ಹಿಡಿಯುವುದು. ಅದನ್ನೇ ಕತೆಗೂ ಹಾಕೋಣ. ಇದು ನನ್ನ ಲೆಕ್ಕ. ನಿಮ್ಮದು ಬೇರೆ ಇರುತ್ತದೆ.

ವರ್ಷಕ್ಕೆ 52 ವಾರ. ಗಣೇಶ ಚೌತಿ, ನವರಾತ್ರಿ, ದೀಪಾವಳಿಗೆ ನಾಲ್ಕು ವಾರ ಹೋಯಿತು. ಆಫೀಸಿನಲ್ಲಿ ಮೂರು ತಿಂಗಳಿಗೊಮ್ಮೆ ಉಸಿರಾಡಲು ಬಿಡದ ವಾರಗಳು ನಾಲ್ಕು. ಮಗಳ ಪರೀಕ್ಷೆಗೆ ಮೂರು. ಧಾರವಾಡಕ್ಕೆ ಹೋಗಿಬರುವುದಕ್ಕೆ ಮೂರು. ಜ್ವರ, ನೆಂಟರು, ಮದುವೆ ಮುಂಜಿಗೆ ಎರಡು. ಒಟ್ಟು 16. ಉಳಿದದ್ದು 36 ವಾರ. ವಾರಕ್ಕೆ ನಾಲ್ಕು ದಿನ ಕೂತರೆ 144 ದಿನ. ದಿನಕ್ಕೆ 45 ನಿಮಿಷ ಎಂದರೆ ಇಡೀ ವರ್ಷಕ್ಕೆ 108 ಗಂಟೆ. ಜಪಮಾಲೆಯ ಮಣಿಯಷ್ಟೇ! ಕತೆಗಾರ್ತಿಯಾಗಿ ನನ್ನ ಇಡೀ ವರ್ಷದ ಆಸ್ತಿ ಇಷ್ಟು.

ಇನ್ನು ಖರ್ಚು. 45 ನಿಮಿಷಕ್ಕೆ ನನ್ನಿಂದ ಸುಮಾರು 200 ಪದ ಆಗುತ್ತದೆ. 2500 ಪದದ ಒಂದು ಕತೆಯ ಮೊದಲ ಕರಡಿಗೆ 13 ದಿನ. ಅದನ್ನು ಮೂರು ವಾರ ಮುಚ್ಚಿಟ್ಟು ಬೇರೆಯದಕ್ಕೆ ಕೈ ಹಾಕುತ್ತೇನೆ. ಮತ್ತೆ ತೆಗೆದು ತಿದ್ದಲು 9 ದಿನ. ಇಬ್ಬರು ಗೆಳತಿಯರು ಓದಿ ಹೇಳಿದ ಮೇಲೆ ಕೊನೆಯ ತಿದ್ದುಪಡಿಗೆ 7 ದಿನ. ಒಟ್ಟು 29 ದಿನ. ನಾಲ್ಕು ಕತೆಗೆ 116. ಉಳಿದ 28 ದಿನ ಅರ್ಧಕ್ಕೆ ನಿಂತುಹೋಗುವ ಕತೆಗಳಿಗೆ, ಟಿಪ್ಪಣಿಗೆ, ಪತ್ರಿಕೆಗಳಿಗೆ ಕಳಿಸುವ ಕೆಲಸಕ್ಕೆ. ಅರ್ಧಕ್ಕೆ ನಿಲ್ಲುವ ಕತೆ ನಿಲ್ಲಲಿ, ಅದಕ್ಕೂ ಮೊದಲೇ ಜಾಗ ಇಟ್ಟಿರಬೇಕು.

ಅಂದರೆ ನನ್ನ ವರ್ಷದ ಗುರಿ ನಾಲ್ಕು ಕತೆ. ಒಂದು ಸಂಕಲನಕ್ಕೆ ಹತ್ತು ಹನ್ನೆರಡು ಕತೆ ಬೇಕು. ‘ಈ ವರ್ಷ ಪುಸ್ತಕ’ ಎನ್ನುವುದು ಲೆಕ್ಕದ ಪ್ರಕಾರ ‘ಮೂರನೇ ವರ್ಷ ಹಸ್ತಪ್ರತಿ’ ಆಗುತ್ತದೆ. ಕೇಳಲು ಸ್ವಲ್ಪ ಬೇಸರವಾಗಬಹುದು. ನನಗಂತೂ ಈ ಲೆಕ್ಕ ಹಾಕಿದ ದಿನ ಹೆಗಲು ಹಗುರವಾಯಿತು. ಮೂರು ವರ್ಷ ನಿಧಾನವಲ್ಲ, ನಮ್ಮ ಬದುಕಿನ ನಿಜವಾದ ವೇಗ ಅಷ್ಟೇ.

ಇಲ್ಲಿ ಒಂದು ಎಚ್ಚರಿಕೆ. ಇಂಗ್ಲಿಷಿನ ಪದಲೆಕ್ಕವನ್ನು ಕನ್ನಡಕ್ಕೆ ಹಾಗೆಯೇ ತರಬೇಡಿ. 1999ರಲ್ಲಿ ಅಮೆರಿಕದಲ್ಲಿ ಶುರುವಾದ ‘ನ್ಯಾನೊರೈಮೊ’ ಎಂಬ ಪಂಥ ಇತ್ತು. ನವೆಂಬರ್ ಒಂದೇ ತಿಂಗಳಲ್ಲಿ 50,000 ಪದದ ಕಾದಂಬರಿ ಬರೆಯುವುದು, ಅಂದರೆ ದಿನಕ್ಕೆ ಸುಮಾರು 1,667 ಪದ. ನಮ್ಮ ಭಾಷೆಯಲ್ಲಿ ‘ಬರಬೇಕಾಗಿತ್ತಂತೆ’ ಎನ್ನುವುದು ಒಂದೇ ಪದ. ಇಂಗ್ಲಿಷಿನಲ್ಲಿ ಅದನ್ನು ಹೇಳಲು ಐದಾರು ಪದ ಬೇಕು. ನಮ್ಮ 200 ಪದ ಅವರ 200ಕ್ಕಿಂತ ಬಹಳ ಹೆಚ್ಚು. ಪದ ಎಣಿಸುವುದು ಬೇಡವೆಂದರೆ ಪುಟ ಎಣಿಸಿ, ಅಥವಾ ‘ಇವತ್ತು ಅವಳು ತವರಿನ ಬಾಗಿಲು ದಾಟುವ ತನಕ’ ಎಂದು ಕತೆಯ ಒಂದು ಘಟ್ಟವನ್ನೇ ಗುರುತು ಮಾಡಿಕೊಳ್ಳಿ.

ಮನೆಯ ಗೋಡೆಯ ಮೇಲೆ

ಈ 45 ನಿಮಿಷ ಎಲ್ಲಿಂದ ಬರಬೇಕು? ಲೇಡೀಸ್ ಡಬ್ಬಿಯಲ್ಲಿ ನಿಲ್ಲಲು ಜಾಗ ಸಿಕ್ಕರೆ ಪುಣ್ಯ, ಬರೆಯುವ ಮಾತು ದೂರ. ಅಲ್ಲಿ ಕಿವಿ ತೆರೆದಿಟ್ಟು ಕತೆ ಕೇಳಿಸಿಕೊಳ್ಳಬಹುದು, ಹೊಳೆದ ಒಂದು ಸಾಲನ್ನು ಮೊಬೈಲಿಗೆ ಮೆಲ್ಲಗೆ ಹೇಳಿ ಉಳಿಸಿಕೊಳ್ಳಬಹುದು. ಕೂತು ಬರೆಯುವುದು ಮನೆಯಲ್ಲೇ ಆಗಬೇಕು. ಅಂದರೆ ಮನೆಯವರಿಗೆ ಗೊತ್ತಾಗಬೇಕು.

ನಮ್ಮ ಅಡುಗೆಮನೆಯ ಗೋಡೆಗೆ ಕಾಲನಿರ್ಣಯ ಕ್ಯಾಲೆಂಡರ್ ಇದೆ. ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ, ಸಂಕಷ್ಟಿ, ಮಗಳ ಯೂನಿಟ್ ಟೆಸ್ಟ್ ಎಲ್ಲ ಅದರಲ್ಲೇ. ನಾನು ಅದರಲ್ಲೇ ಹಸಿರು ಪೆನ್ನಿನಲ್ಲಿ ‘ಕತೆ 2, ಎರಡನೇ ಕರಡು’ ಎಂದು ಬರೆಯುತ್ತೇನೆ. ಹಾಲಿನ ಲೆಕ್ಕದ ಪಕ್ಕದಲ್ಲಿ ಬಂದ ಮೇಲೆ ಅದೂ ಮನೆಯ ಕೆಲಸವೇ ಆಯಿತು. ಮೊದಮೊದಲು ನಮ್ಮತ್ತೆ ಕೇಳುತ್ತಿದ್ದರು, “ಇದೇನವಾ, ಯಾರ ಮನಿ ಕತಿ?” ಈಗ ಅವರೇ ಕ್ಯಾಲೆಂಡರ್ ನೋಡಿ ಹೇಳುತ್ತಾರೆ, “ಇವತ್ತ ನಿಂದು ಬರಿಯೂ ದಿನಾ ಅಲ್ಲೇನು? ನೀ ಹೋಗು, ಭಕ್ರಿ ನಾ ಬಡೀತೀನಿ.”

ಎಲ್ಲರಿಗೂ ಇಂಥ ಅತ್ತೆ ಸಿಗುವುದಿಲ್ಲ, ಬಲ್ಲೆ. ಆದರೂ ಹೆಸರಿಲ್ಲದ ಹೊತ್ತನ್ನು ಯಾರು ಬೇಕಾದರೂ ತೆಗೆದುಕೊಂಡುಬಿಡುತ್ತಾರೆ. ಯಾರಿಗಾದರೂ ಔಷಧಿ ತರಬೇಕು, ಸೊಸೈಟಿ ಮೀಟಿಂಗ್ ಇದೆ, ಪಾರ್ಸೆಲ್ ಬರುತ್ತದೆ ಎಂದಾಗ ಮೊದಲು ಹೋಗುವುದು ನಮ್ಮ ‘ಸುಮ್ಮನೆ ಕೂತಿರುವ’ ಹೊತ್ತು. ಅದಕ್ಕೊಂದು ಹೆಸರು ಕೊಟ್ಟು ಗೋಡೆಯ ಮೇಲೆ ಬರೆಯಿರಿ. ನನ್ನ ಮಟ್ಟಿಗೆ ವರ್ಷದ ಗುರಿಯ ಅರ್ಧ ಭಾಗ ಇದೇ.

ಎರಡನೆಯ ಹಾಳೆ: ಪ್ರಕಟಣೆ

ಈ ಹಾಳೆಯಲ್ಲಿ ‘ಮೂರು ಕತೆ ಪ್ರಕಟವಾಗಬೇಕು’ ಎಂದು ಬರೆಯಬೇಡಿ. ‘ಎಂಟು ಸಲ ಕಳಿಸಬೇಕು’ ಎಂದು ಬರೆಯಿರಿ. ಕಳಿಸುವುದು ನಮ್ಮ ಕೈಯಲ್ಲಿದೆ.

ಎಂಟು ಯಾಕೆ? ನಮ್ಮ ಪತ್ರಿಕೆಗಳಿಗಾಗಲಿ ಸ್ಪರ್ಧೆಗಳಿಗಾಗಲಿ ಕಳಿಸಿದ ಕತೆಯನ್ನು ಅದೇ ಹೊತ್ತಿಗೆ ಬೇರೆಡೆ ಕಳಿಸುವಂತಿಲ್ಲ. ಕತೆ ಒಂದು ಸಮಯಕ್ಕೆ ಒಂದೇ ಊರಿನಲ್ಲಿ ಇರಬಲ್ಲ ಪ್ರಯಾಣಿಕ. ಒಂದೊಂದು ಕಡೆ ಮೂರು ತಿಂಗಳು ಕಾದರೆ ವರ್ಷಕ್ಕೆ ಹೆಚ್ಚೆಂದರೆ ನಾಲ್ಕು ಊರು. ವರ್ಷದ ನಡುವೆ ಒಂದೊಂದಾಗಿ ಮುಗಿಯುವ ನಾಲ್ಕು ಕತೆಗೆ ಎಂಟು ಪ್ರಯಾಣ ಎಂದರೆ ಸರಿಯಾದ ಅಂದಾಜು. ನಾನು ಒಂದು ಎಕ್ಸೆಲ್ ಹಾಳೆಯಲ್ಲಿ ಐದು ಕಾಲಂ ಮಾಡಿದ್ದೇನೆ: ಕತೆಯ ಹೆಸರು, ಎಲ್ಲಿಗೆ, ಕಳಿಸಿದ ದಿನ, ಉತ್ತರ, ಮುಂದೆ ಎಲ್ಲಿಗೆ. ಐದನೆಯ ಕಾಲಂ ಬಹಳ ಮುಖ್ಯ. ಅದನ್ನು ಕಳಿಸುವ ದಿನವೇ ತುಂಬಿಸಿಡಬೇಕು. ಆಗ ಕತೆ ವಾಪಸಾದ ದಿನ ಅಳುವುದಕ್ಕೆ ಬದಲು ಮುಂದಿನ ವಿಳಾಸಕ್ಕೆ ಮೇಲ್ ಮಾಡುತ್ತೇವೆ. ಸ್ವಲ್ಪ ಅತ್ತು ಆಮೇಲೆ ಮಾಡಿದರೂ ನಡೆಯುತ್ತದೆ!

ಬಹಳ ಸಲ ಉತ್ತರವೇ ಬರುವುದಿಲ್ಲ. ಅದಕ್ಕೆ ನಾವೇ ಒಂದು ದಿನ ಗೊತ್ತುಮಾಡಿಕೊಳ್ಳಬೇಕು. ಪತ್ರಿಕೆಗೆ ಕಳಿಸಿ ಮೂರು ತಿಂಗಳಾದರೆ, “ಕತೆಯನ್ನು ಹಿಂಪಡೆಯುತ್ತಿದ್ದೇನೆ” ಎಂದು ವಿನಯದ ಎರಡು ಸಾಲು ಬರೆದು ಮುಂದಕ್ಕೆ ಹೋಗುವುದು. ಸಂಪಾದಕರಿಗೂ ಗೊಂದಲವಿಲ್ಲ, ನಮಗೂ ಕಾಯುವ ಸಂಕಟವಿಲ್ಲ.

ಇನ್ನು ಕನ್ನಡದ ಪ್ರಕಟಣೆಗೆ ತನ್ನದೇ ಪಂಚಾಂಗ ಇದೆ. ಯುಗಾದಿ ಮತ್ತು ದೀಪಾವಳಿ ವಿಶೇಷಾಂಕಗಳು ಕತೆಗಳಿಗೆ ದೊಡ್ಡ ಬಾಗಿಲು. ಪ್ರಜಾವಾಣಿಯ ದೀಪಾವಳಿ ಕಥಾಸ್ಪರ್ಧೆ ಎಷ್ಟೋ ಹೊಸ ಹೆಸರುಗಳನ್ನು ತಂದಿದೆ. ದೀಪಾವಳಿಯ ಸಂಚಿಕೆಗೆ ದೀಪಾವಳಿಯಲ್ಲಿ ಬರೆದರೆ ಆಗದು. ಆಹ್ವಾನ ತಿಂಗಳುಗಳ ಮೊದಲೇ ಬರುತ್ತದೆ, ಆ ಹೊತ್ತಿಗೆ ಕತೆ ತಿದ್ದಿ ಮುಗಿದಿರಬೇಕು. ಉಪ್ಪಿನಕಾಯಿ ಹಾಕುವವರು ಮಾವಿನ ಕಾಲ ನೋಡುವ ಹಾಗೆ. ಅದಕ್ಕೇ ನನ್ನ ಮೊದಲ ಹಾಳೆಯಲ್ಲಿ ಎರಡು ಕತೆ ಮೇ ತಿಂಗಳೊಳಗೆ ಮುಗಿಯಬೇಕು ಎಂದಿದೆ. ಸಂಕಲನದಷ್ಟು ಕತೆ ಕೂಡಿದ ಮೇಲೆ ಛಂದ ಪುಸ್ತಕದವರು ಹೊಸ ಕತೆಗಾರರ ಹಸ್ತಪ್ರತಿಗೆ ನಡೆಸುವ ಸ್ಪರ್ಧೆ ಇದೆ, ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಕೊಡುವ ಪ್ರೋತ್ಸಾಹಧನ ಇದೆ. ನಿಯಮಗಳನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಿಕೊಳ್ಳಿ.

ಪುಸ್ತಕದ ಮಾತು ಬಂದಾಗ

ಪ್ರಕಾಶಕರು ಒಪ್ಪಿದರು ಎಂದ ತಕ್ಷಣ ಖುಷಿಯಲ್ಲಿ ಎಲ್ಲದಕ್ಕೂ ತಲೆಯಾಡಿಸುತ್ತೇವೆ. ಸೀರೆ ಅಂಗಡಿಯಲ್ಲಿ ಅಂಚು ಸೆರಗು ಎರಡೂ ಬಿಚ್ಚಿ ನೋಡುವ ನಾವು ಇಲ್ಲಿ ಮಾತ್ರ ಸಂಕೋಚಪಡುತ್ತೇವೆ. ನಾಲ್ಕು ಪ್ರಶ್ನೆ ಕೇಳಿ: ಎಷ್ಟು ಪ್ರತಿ? ಖರ್ಚು ಯಾರದು? ಹಕ್ಕು ಎಷ್ಟು ವರ್ಷಕ್ಕೆ? ಇ-ಪುಸ್ತಕ, ಆಡಿಯೊ, ಅನುವಾದದ ಹಕ್ಕು ಯಾರಿಗೆ? ಮೈಲ್ಯಾಂಗ್‌ನಂಥ ಆ್ಯಪ್‌ಗಳಲ್ಲಿ ಕನ್ನಡ ಪುಸ್ತಕಗಳನ್ನು ಓದುವ, ಕೇಳುವ ಕಾಲವಿದು. ಕೊನೆಯ ಪ್ರಶ್ನೆಯನ್ನು ಬಿಡಲೇಬೇಡಿ.

ಕಾನೂನು ನಮ್ಮ ಪರವಾಗಿ ಕೆಲವು ಮಾತು ಹೇಳಿದೆ. 1957ರ ಕೃತಿಸ್ವಾಮ್ಯ ಕಾಯಿದೆಯ 19ನೇ ಕಲಮಿನ ಪ್ರಕಾರ ಹಕ್ಕಿನ ವರ್ಗಾವಣೆ ಬರಹದಲ್ಲಿ, ಸಹಿಯೊಂದಿಗೆ ಇರಬೇಕು. ಎಷ್ಟು ವರ್ಷ ಎಂದು ಬರೆಯದಿದ್ದರೆ ಅದು ಐದು ವರ್ಷ ಎಂದೇ ಲೆಕ್ಕ. ಬೇರೆ ಕರಾರು ಇಲ್ಲದಿದ್ದರೆ, ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದೆ ಹೋದರೆ ಆ ಹಕ್ಕು ಅವರ ಕೈತಪ್ಪುತ್ತದೆ. ನಾವು ಬರೆದ ಕತೆಯ ಹಕ್ಕು ನಮ್ಮ ಜೀವಿತಾವಧಿ ಮತ್ತು ಆಮೇಲೆ 60 ವರ್ಷ ಉಳಿಯುತ್ತದೆ. ಅಂದರೆ ಇದು ಮೊಮ್ಮಕ್ಕಳವರೆಗೆ ಹೋಗುವ ಆಸ್ತಿ.

ಸ್ವಂತವಾಗಿ ಅಚ್ಚು ಹಾಕಿಸುವವರಿಗೆ ಐಎಸ್‌ಬಿಎನ್ ಸಂಖ್ಯೆ ನಮ್ಮ ದೇಶದಲ್ಲಿ ಉಚಿತ. ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಏಜೆನ್ಸಿಗೆ ಆನ್‌ಲೈನಿನಲ್ಲಿ ಅರ್ಜಿ ಹಾಕಬೇಕು. ಪುಸ್ತಕ ಬಂದ ಮೇಲೆ 1954ರ ಕಾಯಿದೆಯಂತೆ ಪ್ರಕಾಶಕರು ಕೋಲ್ಕತ್ತ, ಚೆನ್ನೈ, ದೆಹಲಿ, ಮುಂಬಯಿಯ ನಾಲ್ಕು ಗ್ರಂಥಾಲಯಗಳಿಗೆ ಪ್ರತಿ ಕಳಿಸಬೇಕು. ಮುಂಬಯಿಯದು ಫೋರ್ಟಿನ ಟೌನ್‌ಹಾಲಿನಲ್ಲಿರುವ ಕೇಂದ್ರ ಗ್ರಂಥಾಲಯ.

ತಂತ್ರಜ್ಞಳಾಗಿ ಇನ್ನೊಂದೇ ಮಾತು. ನಿಮ್ಮ ಬರಹವನ್ನೆಲ್ಲ ಯೂನಿಕೋಡ್‌ನಲ್ಲಿ ಇಡಿ. ಹಳೆಯ ನುಡಿ, ಬರಹ ಕಡತಗಳು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನದ ಹಾಗೆ ಕಾಣುತ್ತವೆ. ಪರಿವರ್ತಕ ತಂತ್ರಾಂಶಗಳಿವೆ, ಆದರೆ ಬದಲಾಯಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನು ಕಣ್ಣಿಟ್ಟು ನೋಡಬೇಕು. ಮತ್ತು ಎರಡು ಕಡೆ ಪ್ರತಿ ಇರಲಿ. ಮೊಬೈಲ್ ಕಳೆದುಹೋದ ದಿನ ಕತೆಯೂ ಕಳೆದುಹೋಗಬಾರದು.

ಯಾಕಾಗಿ ಇಷ್ಟೆಲ್ಲ

ನಮ್ಮ ಸಂಘದಲ್ಲಿ ಎಪ್ಪತ್ತೆಂಟು ವರ್ಷದ ಹಿರಿಯರೊಬ್ಬರಿದ್ದಾರೆ. ಹೆಸರು ಹೇಳಬಾರದೆಂದು ಆಜ್ಞೆಯಾಗಿದೆ. ಹೋದ ವರ್ಷ ಅವರು ನನ್ನ ಕೈಗೆ ಎರಡು ನೋಟ್‌ಬುಕ್ ಕೊಟ್ಟರು. ಎಪ್ಪತ್ತರ ದಶಕದ ಗಿರಣಗಾಂವ್, ಚಾಳಿನ ಸಾಮಾನ್ಯ ನಲ್ಲಿ, ನೀರಿನ ಪಾಳಿ, ಮದುವೆಯಾಗಿ ಬಂದ ಹುಡುಗಿಗೆ ಅಕ್ಕಪಕ್ಕದವರು ಮರಾಠಿ ಕಲಿಸಿದ್ದು, ಕನ್ನಡದ ರಾತ್ರಿಶಾಲೆಗೆ ಹೋಗುವ ಹೋಟೆಲ್ ಹುಡುಗರು, ಹೀಗೆ ಒಂಬತ್ತು ಕತೆ. ಒಂದನ್ನೂ ಎಲ್ಲಿಗೂ ಕಳಿಸಿಲ್ಲ. ಯಾಕೆ ಎಂದು ಕೇಳಿದರೆ, “ಮಕ್ಕಳು ದೊಡ್ಡವರಾಗಲಿ, ಆಮೇಲೆ ನೋಡುವ ಅಂದುಕೊಂಡೆ ಮಗ. ಆಮೇಲೆ ಮೊಮ್ಮಕ್ಕಳು ಬಂದರು” ಎಂದರು.

ಚಿತ್ತಾಲರ, ಬಲ್ಲಾಳರ, ಜಯಂತ ಕಾಯ್ಕಿಣಿಯವರ ಮುಂಬಯಿ ನಮಗೆ ಕತೆಗಳಲ್ಲಿ ಸಿಕ್ಕಿದೆ. ಮಿತ್ರಾ ವೆಂಕಟ್ರಾಜರಂಥವರು ಹೆಣ್ಣಿನ ಕಣ್ಣಿನಿಂದ ಬರೆದುಕೊಟ್ಟಿದ್ದಾರೆ. ಆದರೂ ಆ ನಲ್ಲಿಯ ಮುಂದಿನ ಪಾಳಿ ನನಗೆ ಈ ನೋಟ್‌ಬುಕ್ಕಿನಲ್ಲಿ ಮಾತ್ರ ಸಿಕ್ಕಿತು. ಐವತ್ತು ವರ್ಷ ಅದು ಟ್ರಂಕಿನಲ್ಲಿತ್ತು. ನಮ್ಮ ಹೈದರಾಬಾದಿನ, ಪುಣೆಯ, ದೆಹಲಿಯ ಗೆಳತಿಯರೂ ಇದನ್ನು ಓದುತ್ತಿದ್ದೀರಿ, ನಿಮ್ಮ ಸಂಘಗಳಲ್ಲೂ ಇಂಥ ಟ್ರಂಕುಗಳು ಇರಲೇಬೇಕು. ನನ್ನ ಒಂಬತ್ತು ವರ್ಷದ ಮಗಳು ಒಂದೇ ವಾಕ್ಯದಲ್ಲಿ ಕನ್ನಡ, ಮರಾಠಿ, ಹಿಂದಿ ಮೂರನ್ನೂ ಮಾತಾಡುತ್ತಾಳೆ. ಅವಳ ಈ ಮಾತು ಯಾವ ಕತೆಯಲ್ಲಿ ಉಳಿಯುತ್ತದೆ? ನಮ್ಮಲ್ಲಿ ಯಾರಾದರೂ ಬರೆದರೆ ಮಾತ್ರ.

ವರ್ಷದ ಗುರಿ ಎಂದರೆ ನನಗೆ ಇದೇ. ‘ಆಮೇಲೆ’ ಎನ್ನುವ ಮಾತಿಗೆ ಒಂದು ತಾರೀಕು ಹಾಕುವುದು.

ಮೂರು ತಿಂಗಳಿಗೊಮ್ಮೆ ಎರಡೂ ಹಾಳೆ ತೆಗೆದು ನೋಡಿ. ಎಷ್ಟು ದಿನ ಕೂತೆ? ಯಾವ ಕತೆ ಮುಗಿಯಿತು? ಎಷ್ಟು ಸಲ ಕಳಿಸಿದೆ? ಮನೆಯಲ್ಲಿ ಏನು ಬದಲಾಗಿದೆ? ಯಾರಿಗಾದರೂ ಹುಷಾರಿಲ್ಲ, ಬಾಣಂತನ ಬಂತು, ನೌಕರಿ ಬದಲಾಯಿತು ಎಂದರೆ ಸಂಖ್ಯೆ ಇಳಿಸಿ. ನಾಲ್ಕು ಇದ್ದದ್ದು ಒಂದಾಗಲಿ. ಆಫೀಸಿನಲ್ಲೂ ನಡುವರ್ಷದಲ್ಲಿ ಗುರಿ ಬದಲಾಗುತ್ತದೆ, ಯಾರೂ ಅದನ್ನು ಸೋಲು ಎನ್ನುವುದಿಲ್ಲ. ಸಂಖ್ಯೆ ಇಳಿಯಲಿ, ಹಾಳೆ ಮಾತ್ರ ಹರಿಯಬೇಡಿ.

ನನ್ನ ಈ ವರ್ಷದ ಗುರಿ ಹೇಳಿಬಿಡುತ್ತೇನೆ, ಸಾಕ್ಷಿಗೆ ನೀವಿದ್ದೀರಿ. ಮೊದಲ ಹಾಳೆಯಲ್ಲಿ ನಾಲ್ಕು ಕತೆ, 108 ಗಂಟೆ. ಎರಡನೆಯದರಲ್ಲಿ ಎಂಟು ಸಲ ಕಳಿಸುವುದು. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದ್ದೇನೆ: ಆ ಒಂಬತ್ತು ಕತೆಗಳನ್ನು ಯೂನಿಕೋಡ್‌ನಲ್ಲಿ ಟೈಪ್ ಮಾಡುವುದು, ಅವರು ಆರಿಸಿಕೊಟ್ಟ ಒಂದನ್ನು ಅವರದೇ ಹೆಸರಿನಲ್ಲಿ ದೀಪಾವಳಿ ವಿಶೇಷಾಂಕವೊಂದಕ್ಕೆ ಕಳಿಸುವುದು. ಟೈಪ್ ಮಾಡಲು ಮೂವರು ಬೇಕು. ಸಭೆ ಮುಗಿದ ಮೇಲೆ ಚಹಾದ ಹೊತ್ತಿಗೆ ನನ್ನ ಹತ್ತಿರ ಹೆಸರು ಕೊಡಿ. ಏಪ್ರಿಲ್ ಸಭೆಗೆ ಬರುವಾಗ ನಿಮ್ಮ ನಿಮ್ಮ ಎರಡು ಹಾಳೆಯನ್ನೂ ತನ್ನಿ.